ಕೊಂಡ ಕುಲಾವಿ

"ಅಜ್ಜಾರೇ, ಯಾರ ಹಂಗೂ ಇಲ್ಲದೆ ಬದುಕುವುದು ತಪ್ಪೇ?" ಎಂದು ಶಿಷ್ಯ ಮುರಿಗೆಪ್ಪ ಮಠದ ಅಜ್ಜನವರನ್ನು ಕೇಳಿದ. ಅಂದು ಬೆಳಿಗ್ಗೆ ಭಕ್ತರೊಬ್ಬರು ಊಟಕ್ಕೆ ಕರೆಯಲು ಬಂದಿದ್ದರು. ಉಂಡರೆ ನಾಳೆ ತಾನೂ ಅವರಿಗೆ ಏನಾದರೂ ಮಾಡಬೇಕಾದೀತೆಂದು ಅವನು ಒಲ್ಲೆನೆಂದು ಕಳಿಸಿಬಿಟ್ಟಿದ್ದ.

ಅಜ್ಜ ನಕ್ಕರು. "ತಪ್ಪೋ ಸರಿಯೋ ನೀನೇ ಹೇಳುವೆಯಂತೆ. ಮೊದಲು ಕತೆ ಕೇಳು."

ಒಂದೂರಿನಲ್ಲಿ ಒಬ್ಬ ಹುಡುಗಿ ಇದ್ದಳು. ಹದಿನೈದರ ವಯಸ್ಸು. ತಂದೆ ತಾಯಿ ಇಲ್ಲ. ಸೋದರಮಾವನ ಮನೆಯಲ್ಲಿ ಬೆಳೆದಳು. ಮಾವ ಬಾಯಿಲ್ಲದವನು. ಅವನ ಪಾಲಿನ ಬಾಯಿಯೂ ಅತ್ತೆಗೇ ಬಂದಿತ್ತು. ತಟ್ಟೆಗೆ ರೊಟ್ಟಿ ಹಾಕುವಾಗಲೆಲ್ಲ, "ಹಂಗಿನ ಕೂಳು, ಬಿಸಿ ಇದ್ದರೇನು, ತಂಗಳಾದರೇನು" ಎನ್ನುವಳು. ಪುಣ್ಯಾತ್ಗಿತ್ತಿ! ರೊಟ್ಟಿ ಕೊಟ್ಟೂ ಹೊಟ್ಟೆ ತುಂಬಿಸಲಿಲ್ಲ.

ಹುಡುಗಿಯ ಕೈಯಲ್ಲಿ ಒಂದು ವಿದ್ಯೆ ಇತ್ತು. ಕೂಸಿನ ತಲೆಗೆ ಕಟ್ಟುವ ಕುಲಾವಿಯನ್ನು ಚೆಂದಾಗಿ ಹೊಲಿಯುತ್ತಿದ್ದಳು. ದರ್ಜಿಯ ಅಂಗಡಿಯಿಂದ ಚೂರುಬಟ್ಟೆ ತಂದು, ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಪಡಸಾಲೆಯ ಮೂಲೆಯಲ್ಲಿ ಕೂತು ಹೊಲಿದಳು. ಅಂಚಿಗೆ ಮಣಿ, ನೆತ್ತಿಗೆ ಗೊಂಡೆ. ಜನ ಹುಡುಕಿಕೊಂಡು ಬಂದು ಕೊಂಡರು. ತನ್ನ ಪುಸ್ತಕ, ತನ್ನ ಬಟ್ಟೆ ತಾನೇ ಕೊಂಡುಕೊಂಡಳು. ಉಂಡ ರೊಟ್ಟಿಗೂ ಅತ್ತೆಯ ಕೈಗೆ ದುಡ್ಡು ಇಟ್ಟಳು. ಅತ್ತೆಯ ಬಾಯಿ ಕಟ್ಟಿತು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಅವಳೊಡನೆ ಮಾತಾಡುವವರೇ ಇಲ್ಲವಾದರು. ಬೈಗುಳವಾದರೂ ಮಾತೇ ಅಲ್ಲವೇ.

ಕುಲಾವಿ ಬಾಣಂತಿಯ ತವರಿನಿಂದ ಬರಬೇಕು, ಅದು ಆ ಕಡೆಯ ಪದ್ಧತಿ. ತಂದವರೇ ತೊಟ್ಟಿಲ ದಿನ ಕೂಸಿನ ತಲೆಗೆ ಕಟ್ಟಬೇಕು. ಅವರನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಹುಡುಗಿಯಿಂದ ಕೊಂಡವರೆಲ್ಲ ತವರಿನ ಮಂದಿ. ಉಡಿ ಅವರದೇ ತುಂಬುತ್ತಿತ್ತು. ಕೇರಿಯ ಕೂಸುಗಳಿಗೆಲ್ಲ ಅವಳದೇ ಕುಲಾವಿ, ಒಂದು ತೊಟ್ಟಿಲಿಗೂ ಅವಳಿಗೆ ಕರೆಯಿಲ್ಲ. ಜೋಗುಳ ಕೇಳಿಸಿದರೆ ಅವಳಿಗೆ ಅಳು ಬರುತ್ತಿತ್ತು.

ಒಮ್ಮೆ ಒಬ್ಬ ತುಂಬು ಬಸುರಿ ಬಂದಳು. ದೂರದೂರಿನಿಂದ ಅದೇ ಕೇರಿಗೆ ಸೊಸೆಯಾಗಿ ಬಂದವಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಕೆಂಪು ಕುಲಾವಿಯೊಂದನ್ನು ಹಿಡಿದು ಅಂಚಿನ ಮಣಿಗಳನ್ನು ಒಂದೊಂದಾಗಿ ಸವರಿದಳು.

"ತಂಗೀ, ಇದಕ್ಕೆ ಬೆಲೆ ಹೇಳಬೇಡ. ನಾನೇ ಕೊಂಡರೆ ಇದು ಪೇಟೆಯದಾಗುತ್ತದೆ. ತೊಟ್ಟಿಲ ದಿನ ನೀನೇ ತಂದು ಕಟ್ಟು. ನನಗೆ ತವರಾಗು. ಹಬ್ಬ ಹುಣ್ಣಿಮೆಗೆ ಅಕ್ಕನ ಮನೆ ಅಂತ ಬಂದು ಹೋಗು."

ಹುಡುಗಿ ಹೊಲಿಗೆ ಕೆಳಗಿಟ್ಟಳು. ಇದನ್ನೇ ಅಲ್ಲವೇ ಅವಳು ಹಗಲಿರುಳು ಬಯಸಿದ್ದು! ಹೂಂ ಎನ್ನಬೇಕು, ಅಷ್ಟೇ. ಆದರೆ ಹಬ್ಬದ ದಿನ ಆ ಮನೆಯಲ್ಲಿ ಉಣ್ಣಲು ಕೂತಂತೆ, ಹೋಳಿಗೆ ಬಡಿಸುವವರು ಅತ್ತೆಯದೇ ಮಾತು ಆಡಿದಂತೆ ಅವಳಿಗೆ ಕಂಡಿತು. ಬಾಯಿ ಸುಟ್ಟ ಬೆಕ್ಕು ತಣ್ಣನೆಯ ಹಾಲಿಗೂ ಹೆದರುತ್ತದೆ.

"ಬೇಡ ಅಕ್ಕಾ. ಬೆಲೆ ಕೊಟ್ಟು ಒಯ್ಯಿರಿ. ನಿಮ್ಮ ಹಂಗು ನನಗೆ ಬೇಡ, ನನ್ನ ಹಂಗು ನಿಮಗೆ ಬೇಡ."

ಬಸುರಿ ಕೇಳಿದಷ್ಟು ಕೊಟ್ಟು, ಕುಲಾವಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಆ ಮನೆಯ ತೊಟ್ಟಿಲ ದಿನ ಬಂತು. ಹುಡುಗಿ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಲಂಗ ಉಟ್ಟು, ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ಒಂದು ವೇಳೆ ಕರೆದರೆ? ಕೇರಿಯ ಹೆಂಗಸರು ಆರತಿ ತಟ್ಟೆ ಹಿಡಿದು ಅವಳ ಮುಂದಿನಿಂದಲೇ ಹೋದರು. ಜೋಗುಳ ಶುರುವಾಯಿತು, ಮುಗಿಯಿತು. ಹೋದವರು ಉಂಡು ತಿರುಗಿ ಬಂದರು. ಹುಡುಗಿ ಕೂತೇ ಇದ್ದಳು. ಯಾರೂ ಕರೆಯಲಿಲ್ಲ.

ಅಜ್ಜ ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ಸಿಟ್ಟೇ ಬಂತು. "ಅವಳು ಯಾರಿಗೂ ಮೋಸ ಮಾಡಲಿಲ್ಲ. ಆ ಹೆಂಗಸೂ ಬೆಲೆ ಕೊಟ್ಟೇ ಒಯ್ದಳು. ಹಾಗಾದರೆ ಅಲ್ಲಿ ಆದದ್ದಾದರೂ ಏನು, ಅಜ್ಜಾರೇ?"

"ಏನೂ ಆಗಲಿಲ್ಲಪ್ಪ, ಋಣ ತೀರಿತು, ಅಷ್ಟೇ."