ತೂಕದ ಚೀಟಿ ಮತ್ತು ತಿರಕಪ್ಪ

ಬತ್ತ ಬೆಳೆಯುವ ಸೀಮೆ. ಅಲ್ಲೊಂದು ಊರು, ಊರಿಗೊಬ್ಬಳು ಹುಲಿಗೆಮ್ಮ, ಹುಲಿಗೆಮ್ಮನಿಗೊಬ್ಬ ಮಗ ತಿರಕಪ್ಪ. ತಾಯಿ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಬರೆಯುವಷ್ಟು ಜಾಣೆ. ಮಗ ಹೇಳಿದ್ದನ್ನು ಹೇಳಿದಂಗೇ ಮಾಡುವಷ್ಟು ಒಳ್ಳೆಯವನು. ತಾಯಿಗೆ ಅದೇ ಸಂಕಟ.

ಪಂಪನಗೌಡರ ಅಕ್ಕಿ ಮಿಲ್ಲಿಗೆ ತೂಕದ ಚೀಟಿ ಕೊಡುವ ಪ್ರೋಗ್ರಾಮ್ ಬೇಕಾಗಿತ್ತು. ಹೊಸ ಬತ್ತ ಬರುವುದರೊಳಗೆ ಚೀಟಿ ಬಂದರೆ ಸರಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಅಂದಿದ್ದರು ಗೌಡರು. ಹುಲಿಗೆಮ್ಮ ಹಟ ಹಿಡಿದು ಕೂತು ಬರೆದಳು. ಚೀಟಿಯ ಕೆಳಗೆ ತೂಗಿದವರ ಹೆಸರು ಬರುವ ಕಡೆ ಸದ್ಯಕ್ಕೆ ಮಗನ ಹೆಸರು ಹಾಕಿದಳು, ಆಮೇಲೆ ತಿದ್ದಿದರಾಯಿತು ಅಂತ. ಮಂಡಿನೋವಿಗೆ ಅವಳು ಬಸ್ಸು ಹತ್ತುವಂತಿರಲಿಲ್ಲ. ಪ್ರೋಗ್ರಾಮ್ ಒಯ್ದು ಹಾಕಿ ಬಾ ಅಂತ ಮಗನನ್ನು ಕಳಿಸಿದಳು.

ಒಯ್ದ, ಹಾಕಿದ. ಮನೆಯಲ್ಲಿ ಓಡಿದ್ದು ಅಲ್ಲಿ ಓಡಲಿಲ್ಲ. ಯಾವುದೋ ಲೈಬ್ರರಿ ಫೈಲು ಸಿಗುತ್ತಿಲ್ಲ ಅಂದಿತು ಪರದೆ. ಬಂದ ಬಸ್ಸಿಗೇ ವಾಪಸ್ಸು ಹೊರಟ.

ಹುಲಿಗೆಮ್ಮ ಹಣೆ ಚಚ್ಚಿಕೊಂಡಳು. ಪ್ರೋಗ್ರಾಮ್ ತಾನೊಂದೇ ದುಡಿಯೋದಿಲ್ಲ, ನಮ್ಮ ಕಂಪ್ಯೂಟರಿನ ಬೇರೆ ಫೈಲುಗಳ ಕೈಲಿ ಅರ್ಧ ಕೆಲಸ ಮಾಡಿಸಿಕೊಳ್ಳುತ್ತೆ, ಆ ಫೈಲು ಗೌಡರ ಹತ್ರ ಇಲ್ಲ ಅಂತ ಬಿಡಿಸಿ ಹೇಳಿದಳು. "ಅದು ಯಾವ್ಯಾವುದನ್ನ ನಂಬಿಕೊಂಡೈತೋ, ಅಷ್ಟನ್ನೂ ಜೊತೆಗೆ ಒಯ್ಯಬೇಕಪ್ಪಾ."

ತಿರಕಪ್ಪ ಯೋಚಿಸಿದ. ಪ್ರೋಗ್ರಾಮ್ ನಂಬಿದ್ದು ಕಂಪ್ಯೂಟರನ್ನ, ಕಂಪ್ಯೂಟರ್ ನಂಬಿದ್ದು ಬ್ಯಾಟರಿಯನ್ನ, ಬ್ಯಾಟರಿ ನಂಬಿದ್ದು ಮೇಜನ್ನ. ಎಲ್ಲಾ ಟಂಟಂ ಆಟೋಗೆ ಹೇರಿದ. ಅವ್ವನ ಕನ್ನಡಕವನ್ನೂ ಬಿಡಲಿಲ್ಲ.

ಇಳಿಸಿದ್ದನ್ನು ನೋಡಿ ಗೌಡರು ಅಂದರು, "ನಿಮ್ಮವ್ವನ್ನೂ ಹೊತ್ಕೊಂಡು ಬರಬೇಕಿತ್ತಲ್ಲೋ."

"ಕರೆದೆ ಗೌಡ್ರೆ. ಬೈದ್ಲು."

ಓಡಬೇಕಾದ್ದು ನನ್ನ ಕಂಪ್ಯೂಟರಿನಲ್ಲಿ ಅಂತ ಗೌಡರು ಎಲ್ಲವನ್ನೂ ತಿರುಗಿ ಹೇರಿಸಿದರು. ಗದ್ದೆಗಳಲ್ಲಿ ಆಗಲೇ ಕೊಯ್ಲು ಶುರುವಾಗಿತ್ತು.

ಹುಲಿಗೆಮ್ಮ ಕನ್ನಡಕ ಕಿತ್ತುಕೊಂಡು ಬೈದಳು. ಬೈದು ಬೈದು ಸುಸ್ತಾಗಿ ಮತ್ತೆ ಬುದ್ಧಿ ಹೇಳಿದಳು: ಆ ಫೈಲುಗಳಷ್ಟೇ ಸಾಕು, ಅವು ಪ್ರೋಗ್ರಾಮಿನ ಪಕ್ಕದಲ್ಲೇ ಇರಬೇಕು.

ತಿರಕಪ್ಪ ಒಂದು ಪೆನ್‌ಡ್ರೈವಿಗೆ ಪ್ರೋಗ್ರಾಮ್ ಹಾಕಿದ, ಇನ್ನೊಂದಕ್ಕೆ ಫೈಲು ಹಾಕಿದ, ಪಕ್ಕಪಕ್ಕ ಇಟ್ಟು ದಾರ ಸುತ್ತಿದ. ಮಿಲ್ಲಿನಲ್ಲಿ ಒಂದನ್ನು ಚುಚ್ಚಿದ, ಇನ್ನೊಂದು ಪಕ್ಕದಲ್ಲೇ ಜೋತಾಡಿತು. ಪರದೆ ಹಳೇ ರಾಗವನ್ನೇ ಹಾಡಿತು. ನಾಳೆ ಬತ್ತದ ಮೊದಲ ಲಾರಿ, ನಿಮ್ಮವ್ವನಿಗೆ ಹೇಳು ಅಂದರು ಗೌಡರು.

ಹುಲಿಗೆಮ್ಮ ಈ ಸಲ ಬೈಯಲಿಲ್ಲ. ಹಲ್ಲು ಕಚ್ಚಿ ಎಲ್ಲವನ್ನೂ ತಾನೇ ಒಂದು ಫೋಲ್ಡರಿಗೆ ಹಾಕಿ, ಒಂದೇ ಪೆನ್‌ಡ್ರೈವಿಗೆ ತುಂಬಿ ಕೈಗೆ ಕೊಟ್ಟಳು. "ಕೊಡೋಕೆ ಮುಂಚೆ, ಏನೇನೂ ಇಲ್ಲದ ಕಂಪ್ಯೂಟರಿನಾಗ ಓಡಿಸಿ ನೋಡು. ಅಲ್ಲಿ ಓಡಿದ್ರೆ ಎಲ್ಲೆಲ್ಲೂ ಓಡತೈತಿ." ಹೇಳಿ ಮಲಗಿದಳು.

ತಿರಕಪ್ಪ ಊರೆಲ್ಲಾ ಹುಡುಕಿದ. ಎಲ್ಲರ ಕಂಪ್ಯೂಟರಿನಲ್ಲೂ ಏನಾದರೊಂದು ಇತ್ತು. ಆದರೆ ಅವನೂ ಹುಲಿಗೆಮ್ಮನ ಮಗನೇ, ಬಿಡಲಿಲ್ಲ. ಅವ್ವನ ಕಂಪ್ಯೂಟರನ್ನೇ ರಿಪೇರಿ ಅಂಗಡಿಗೆ ಹೊತ್ತೊಯ್ದು, ಇರೋಬರೋದನ್ನೆಲ್ಲ ಅಳಿಸಿಸಿ ಹೊಸದರಂತೆ ಮಾಡಿಸಿದ. ಓಡಿಸಿದ. ಒಂದೇ ಸಲಕ್ಕೆ ಓಡಿತು.

ಮರುದಿನ ಗೌಡರ ಮಿಲ್ಲಿನಲ್ಲೂ ಓಡಿತು. ಲಾರಿ ತೂಗಿದರು, ಚೀಟಿ ಬಂತು. ಸುತ್ತಿನ ಮಿಲ್ಲುಗಳವರೂ ಅದೇ ಬೇಕು ಅಂದರು.

ತಿರಕಪ್ಪ ಕುಣಿದುಕೊಂಡು ಮನೆಗೆ ಬಂದ. ಹುಲಿಗೆಮ್ಮ ಖಾಲಿ ಪರದೆಯ ಮುಂದೆ ಕೂತಿದ್ದಳು. ಮಿಲ್ಲಿಗೆ ಹೋದದ್ದು ಓಡುತ್ತಿತ್ತೇ ಹೊರತು ತಿದ್ದಲು ಬರುವಂಥದ್ದಲ್ಲ. ತಿದ್ದಬೇಕೆಂದರೆ ಅವಳು ಬರೆದ ಮೂಲವೇ ಬೇಕು, ಅದರಲ್ಲಿ ಒಂದಕ್ಷರ ಉಳಿದಿರಲಿಲ್ಲ, ಇನ್ನು ಮಗನ ಹೆಸರು ತಿದ್ದುವುದಾದರೂ ಎಲ್ಲಿ?

ಇವತ್ತಿಗೂ ಆ ಸೀಮೆಯ ಮಿಲ್ಲುಗಳಲ್ಲಿ ಯಾವ ಲಾರಿ ಬರಲಿ, ಯಾರು ತೂಗಲಿ, ಚೀಟಿಯ ಕೆಳಗೆ ಒಂದೇ ಹೆಸರು. ತೂಗಿದವರು: ತಿರಕಪ್ಪ.