ಎಲ್ಲರೂ ಮೂರನೇ ಸಾಲಿಗೇ ಬಂದರು

ಒಂದು ಕಣ್ಣಾಸ್ಪತ್ರೆಯಲ್ಲಿ ಮಲ್ಲಿನಾಥ ಎಂಬ ನೆಟ್‌ವರ್ಕ್ ಎಂಜಿನಿಯರ್ ಇದ್ದ. ಕೆಲಸದಲ್ಲಿ ಚುರುಕು, ಆದರೆ ದಾಕ್ಷಿಣ್ಯದ ಮನುಷ್ಯ. ಕೇಳಿದವರಿಗೆ ಇಲ್ಲವೆಂದವನಲ್ಲ.

ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಜೋಡಿಸಲು ಹೊಸ ಸ್ವಿಚ್ ಬಂತು. ಅದರಲ್ಲಿ ಮಾಹಿತಿ ಸಾಗಲು ಎಂಟು ಸಾಲು. ಮುಂದೆ ಜಾಗವಿಲ್ಲದಾಗ ಬೇಕಾದ ಒಂದು ಸಾಲಿಗೆ ಮಾತ್ರ ‘ತಡಿ’ ಎನ್ನಬಹುದು. ಹಾಗೆ ತಡೆದ ಸಾಲಿನಲ್ಲಿ ಮಾಹಿತಿಯ ಒಂದು ತುಣುಕೂ ಕಳೆಯದು; ತಡೆಯದ ಸಾಲಿನಲ್ಲಿ ಕೆಲವು ಕಳೆಯಬಹುದು. ಕಣ್ಣಿನ ಸ್ಕ್ಯಾನ್‌ಗಳಿಗೆಂದು ಮಲ್ಲಿನಾಥ ಮೂರನೇ ಸಾಲನ್ನು ಮೀಸಲಿಟ್ಟ.

ಸುದ್ದಿ ಹಬ್ಬಿತು. “ನಮ್ದೂ ಮುಖ್ಯಾನೇ ಅಲ್ವೇನಪ್ಪ?” ಎಂದು ಕ್ಯಾಂಟೀನಿನವರು ಬಂದರು. ಕಾವಲು ಕ್ಯಾಮೆರಾದವರು ಬಂದರು. ಆಫೀಸಿನವರು ಮೈಸೂರುಪಾಕ್ ಸಮೇತ ಬಂದರು. ಪುಣ್ಯಾತ್ಮ ಎಲ್ಲರನ್ನೂ ಮೂರನೇ ಸಾಲಿಗೇ ಸೇರಿಸಿಬಿಟ್ಟ.

ಮರುದಿನ ಹೂ ಮಾರುವ ಚೆನ್ನಾಜಮ್ಮನ ಆಪರೇಷನ್. ಪರವೂರಿನ ಡಾಕ್ಟರು ಮಧ್ಯಾಹ್ನದ ರೈಲಿಗೆ ಹೊರಡುವವರು, ಮತ್ತೆ ಬರುವುದು ಮೂರು ತಿಂಗಳಿಗೆ. ಅಲ್ಲಿಯವರೆಗೆ ಆ ಕಣ್ಣು ಉಳಿಯುವ ಭರವಸೆ ಇರಲಿಲ್ಲ. ಸ್ಕ್ಯಾನ್ ತೆಗೆದಾಯಿತು, ಡಾಕ್ಟರ ಪರದೆಗೆ ಮಾತ್ರ ಬರಲೊಲ್ಲದು. ಕ್ಯಾಮೆರಾಗಳ ಚಿತ್ರ ನುಗ್ಗಿ, ಎಲ್ಲವನ್ನೂ ಕೂಡಿಡುವ ಸರ್ವರ್ ಉಸಿರುಗಟ್ಟಿ, ಮೂರನೇ ಸಾಲಿಗೆ ‘ತಡಿ’ ಎಂದಿತ್ತು. ಮೂರನೇ ಸಾಲೆಂದರೆ ಈಗ ಇಡೀ ಆಸ್ಪತ್ರೆ.

ಮಲ್ಲಿನಾಥ ಸ್ವಿಚ್ ಇದ್ದ ಕೋಣೆಗೆ ಓಡಿದ. ವರಾಂಡದಲ್ಲಿ ಸಿಸ್ಟರ್ ಫಿಲೋಮಿನಾರ ಗುಡುಗಿನಂಥ ದನಿ ಕೇಳಿತು. ಒಳಗೆ ಲೇಸರ್ ಕೋಣೆ ತುಂಬಿತ್ತು, ಹೊರಗೆ ಬೆಂಚಿನ ಬಳಿ ರೋಗಿಗಳು ನೆರೆದಿದ್ದರು.

“ಲೇಸರ್‌ನೋರು ಮಾತ್ರ ಕೂತ್ಕೊಳ್ಳಿ. ಕನ್ನಡಕದೋರು, ಡ್ರಾಪ್ಸ್‌ನೋರು ನಡೀರಿ, ನಡೀರಿ.”

ಅವನು ಗಕ್ಕನೆ ನಿಂತ. “ಎಲ್ರನ್ನೂ ಒಂದೇ ಬೆಂಚಲ್ಲಿ ಕೂರಿಸಿದ್ರೆ ಏನಾಗತ್ತೆ ಸಿಸ್ಟರ್?”

“ಒಬ್ರಿಗೆ ತಡೀರಿ ಅಂದ್ರೆ ಎಲ್ರೂ ಕಾಯ್ಬೇಕಾಗತ್ತೆ. ಇಷ್ಟು ಓದಿ ಅಷ್ಟೂ ಗೊತ್ತಾಗಲ್ವಾ ನಿಮಗೆ?”

ಮಲ್ಲಿನಾಥ ಹೋಗಿ ಕ್ಯಾಂಟೀನು, ಕ್ಯಾಮೆರಾ, ಆಫೀಸು ಎಲ್ಲವನ್ನೂ ಮಾಮೂಲಿ ಸಾಲಿಗೆ ಕಳಿಸಿದ. ಅಲ್ಲಿ ಒಂದೆರಡು ತುಣುಕು ಕಳೆದರೆ ಲೋಕವೇನೂ ಮುಳುಗದು. ಮೂರನೆಯದರಲ್ಲಿ ಸ್ಕ್ಯಾನ್ ಒಂದೇ ಉಳಿಯಿತು. ಹೇಳುವವರಿಗೂ ಕೇಳುವವರಿಗೂ ಮಾತು ಒಂದೇ ಇರಬೇಕಲ್ಲ, ಸ್ವಿಚ್ಚಿನಲ್ಲೂ ಸರ್ವರಿನಲ್ಲೂ ಅದೇ ನಿಯಮ ಬರೆದ. ಸ್ಕ್ಯಾನ್ ಡಾಕ್ಟರ ಪರದೆಯ ಮೇಲೆ ಮೂಡಿತು. ಹನ್ನೊಂದಕ್ಕೆ ಆಪರೇಷನ್ ಮುಗಿಯಿತು. ಆಫೀಸಿನವರು ಒಂದು ವಾರ ಮುಖ ಊದಿಸಿಕೊಂಡಿದ್ದರು, ಇರಲಿ.

ಪಟ್ಟಿ ಬಿಚ್ಚಿದ ದಿನ ಚೆನ್ನಾಜಮ್ಮ ಸಿಸ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಗಂಟಲು ಕೇಳಿ ಗಟ್ಟಿಮುಟ್ಟಾದ ಹೆಂಗಸು ಅಂದ್ಕೊಂಡಿದ್ದೆ ಕಣಮ್ಮ. ಕಡ್ಡಿ ಹಂಗಿದೀಯಲ್ಲ?”

ಬಾಗಿಲಲ್ಲಿ ನಿಂತಿದ್ದ ಮಲ್ಲಿನಾಥನಿಗೆ ನಗು ತಡೆಯಲಾಗಲಿಲ್ಲ.

ನೀತಿ: ಎಲ್ಲರಿಗೂ ಮೊದಲ ಮಣೆ ಹಾಕಿದರೆ ಯಾರಿಗೂ ಮಣೆ ಹಾಕಿದಂತಾಗದು. ತಡೆಯಬೇಕಾದವರನ್ನಷ್ಟೇ ತಡೆದು, ಉಳಿದವರಿಗೆ ದಾರಿ ಬಿಡುವುದೇ ನಿಜವಾದ ದಾಕ್ಷಿಣ್ಯ.