ಗಾಣಕ್ಕೆ ಹೆಗಲು ಕೊಟ್ಟ ಶಿವಯೋಗಿಗಳು

ಡೋಣಿ ನದಿಯ ದಂಡೆಯ ಯರಿಹಾಳದಲ್ಲಿ ಪೂಜ್ಯ ಶ್ರೀ ನಿರಾಲಂಬ ಶಿವಯೋಗಿಗಳು ವಾಸವಾಗಿದ್ದ ಮಠವನ್ನು ಮಠವೆಂದು ಕರೆಯಲು ಹೊಸಬರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ, ಒಳಗೆ ಹಿರಿಯ ಗುರುಗಳ ಗದ್ದುಗೆ, ಹೊರಗೆ ದನದ ಕೊಟ್ಟಿಗೆ, ಇಷ್ಟೇ. ಕೊಟ್ಟಿಗೆಯ ಸೆಗಣಿ ಬಾಚುವವರು ಯಾರೆಂದು ನೋಡಿದರೆ ಸ್ವತಃ ಶಿವಯೋಗಿಗಳೇ. ದೂರದ ಊರುಗಳಿಂದ ದರ್ಶನಕ್ಕೆ ಬಂದ ಶ್ರೀಮಂತರು ಎಷ್ಟೋ ಸಲ ಅವರನ್ನೇ ಕರೆದು, "ಏ ಮುದುಕಪ್ಪಾ, ಸ್ವಾಮಿಗಳು ಎಲ್ಲಿದ್ದಾರ?" ಎಂದು ಕೇಳಿದ್ದುಂಟು. "ಕೈ ತೊಳಕೊಂಡು ಬರ್ತಾರ, ಕೂಡ್ರಿ" ಎಂದು ಹೇಳಿ, ಕೈ ತೊಳೆದುಕೊಂಡು ಅವರೇ ಬಂದು ಕೂಡುತ್ತಿದ್ದರು. ಊರವರ ಬಾಯಲ್ಲಿ ಅವರು ಅಜ್ಜಾರು.

ಗದ್ದುಗೆಯ ಮುಂದೆ ಹಿತ್ತಾಳೆಯ ದೀಪವೊಂದು ಸದಾ ಉರಿಯುತ್ತಿತ್ತು. ಅದರ ಎಣ್ಣೆ ಗಾಣಿಗರ ಸಾತವೀರಪ್ಪನ ಮನೆಯದು. ಎತ್ತು ಹೂಡಿ ಗಾಣ ಕಟ್ಟಿದ ಪ್ರತಿ ದಿನ ಮೊದಲು ಇಳಿದ ಎಣ್ಣೆ ಮಾರುವುದಕ್ಕಲ್ಲ, ಗದ್ದುಗೆಯ ದೀಪಕ್ಕೆ ಎಂಬುದು ಅವನ ಮುತ್ತಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ಸಾತವೀರಪ್ಪನೇನೂ ದೊಡ್ಡ ಭಕ್ತನಲ್ಲ. ಸ್ವಾಮಿ, ಜಂಗಮ, ಪುರಾಣ, ಪ್ರವಚನ ಎಂದರೆ ಮೂಗು ಮುರಿಯುವವನೇ. ಆದರೆ ಹಿರಿಯರು ಹಾಕಿದ ಪದ್ಧತಿಯನ್ನು ತಪ್ಪಿಸುವ ಆಸಾಮಿಯೂ ಅಲ್ಲ. ಹೆಂಡತಿ ಬಾಣಂತಿತನದಲ್ಲೇ ತೀರಿಕೊಂಡಾಗ, ಗಾಣದ ಪಕ್ಕದಲ್ಲೇ ತೊಟ್ಟಿಲು ಕಟ್ಟಿ ಮಗ ಮುರಿಗೆಪ್ಪನನ್ನು ಸಾಕಿದ. ಗಾಣ ತಿರುಗುವ ಸದ್ದೇ ಆ ಕೂಸಿಗೆ ಜೋಗುಳ. ಮಗ ಬೆಳೆದು ಗಾಣದ ಎತ್ತನ್ನು ತಾನೇ ಹೊಡೆಯತೊಡಗಿದ ಮೇಲೆ ಸಾತವೀರಪ್ಪನ ಒರಟು ಮುಖದಲ್ಲೂ ಅಷ್ಟಿಷ್ಟು ನಗು ಕಾಣಿಸಿಕೊಂಡಿತ್ತು.

ಆ ಮಗನೇ ಕೊಲೆಯಾಗಿ ಹೋದ. ಮನೆಯ ಗಾಣಕ್ಕೆಂದು ಬೆಳೆದ ಕುಸುಬಿಯ ಹೊಲಕ್ಕೆ ಕುರಿ ನುಗ್ಗಿದ್ದಕ್ಕೆ ಶುರುವಾದ ಜಗಳ. ಕುರಿಗಾರ ಯಮನೂರಿಗೂ ಮುರಿಗೆಪ್ಪನಿಗೂ ಮಾತಿಗೆ ಮಾತು ಬೆಳೆಯಿತು, ಯಮನೂರಿಯ ಕೊಡಲಿಯ ಒಂದೇ ಏಟಿಗೆ ಎಲ್ಲ ಮುಗಿಯಿತು. ಯಮನೂರಿ ಓಡಿಹೋಗಲಿಲ್ಲ, ಹೆಣದ ಪಕ್ಕದಲ್ಲೇ ತಲೆಗೆ ಕೈ ಹೊತ್ತು ಕುಳಿತಿದ್ದ. ಆಗ ಆ ಭಾಗವೆಲ್ಲ ಒಂದು ಸಣ್ಣ ಸಂಸ್ಥಾನ. ನ್ಯಾಯಾಧೀಶರು ಮರಣದಂಡನೆ ವಿಧಿಸಿದರು, ಅಮಾವಾಸ್ಯೆಯ ಮರುದಿನ ನೇಣು ಎಂದು ಗೊತ್ತಾಯಿತು. ತೀರ್ಪು ತಿಳಿದ ದಿನ ಸಾತವೀರಪ್ಪ ನೇರವಾಗಿ ಮಠಕ್ಕೆ ಬಂದ. ನೆರೆದ ಜನರೆದುರು ಗದ್ದುಗೆಗೆ ಕೈಮುಗಿದು, "ಅವ ನೇಣಿಗೇರಿದ ದಿನ ಈ ದೀಪಕ್ಕ ಕೊಡಪಾನ ತುಂಬ ಎಣ್ಣಿ ತಂದು ಸುರೀತೀನಿ. ಅಲ್ಲೀತನಕ ನನ್ನ ಮನಿ ಎಣ್ಣಿ ಇಲ್ಲಿ ಬರಾಂಗಿಲ್ಲ" ಎಂದು ಹರಕೆ ಹೊತ್ತ.

ಅಜ್ಜಾರು ಎದ್ದು ಉರಿಯುವ ದೀಪವನ್ನು ಶಾಂತಮಾಡಿದರು, ಉಳಿದ ಎಣ್ಣೆಯನ್ನು ಬಸಿದರು, ದೀಪವನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಗದ್ದುಗೆಯ ಮುಂದೆ ಬೋರಲು ಹಾಕಿದರು. ಊರಿಗೆ ಊರೇ ಗಾಬರಿಯಾಯಿತು. ಬೇರೆಯವರು ಎಣ್ಣೆ ತಂದರೆ, "ಆ ಜಾಗ ಸಾತವೀರಂದು" ಎಂದು ತಿರುಗಿ ಕಳಿಸಿದರು. ಊರಿಗೆ ಕೇಡು ಕಾದಿದೆ ಎಂದವರೂ ಇದ್ದರು, ಅಜ್ಜಾರಿಗೆ ವಯಸ್ಸಾಯಿತು, ಅರಳುಮರಳು ಎಂದವರೂ ಇದ್ದರು. ಸಾತವೀರಪ್ಪನಿಗೆ ಮಾತ್ರ ತನ್ನ ಮುಖಕ್ಕೇ ಹೊಡೆದಂತಾಯಿತು.

ಅಷ್ಟರಲ್ಲಿ ಯಮನೂರಿಯ ತಾಯಿ ದುರುಗವ್ವ ಮಠಕ್ಕೆ ಬಂದು ಕೊಟ್ಟಿಗೆಯ ಬಾಗಿಲಲ್ಲಿ ಕುಳಿತಳು. "ಯಪ್ಪಾ, ನನ್ನ ಮಗಂದು ತಪ್ಪಿಲ್ಲಂತ ನಾ ಹೇಳೂದಿಲ್ಲ. ಹೊಡದದ್ದು ಖರೇ. ಸಾಯೂತನಕ ಕಲ್ಲು ಒಡಸ್ರಿ ಅವನ ಕಡಿಂದ. ಜೀವ ಒಂದು ಉಳಸ್ರಿ" ಎಂದಳು. ಸಂಸ್ಥಾನದ ದೊರೆಗಳಿಗೆ ಅಜ್ಜಾರೆಂದರೆ ಅಪಾರ ಭಕ್ತಿಯೆಂಬುದು ಎಲ್ಲರಿಗೂ ತಿಳಿದ ಮಾತು. ಮರುದಿನ ಅಜ್ಜಾರು ಕೋಲು ಹಿಡಿದು, ಆ ಮುದುಕಿಯನ್ನು ಕರೆದುಕೊಂಡು ರಾಜಧಾನಿಯ ದಾರಿ ಹಿಡಿದದ್ದನ್ನು ಊರೆಲ್ಲ ನೋಡಿತು. ಅವರು ತಿರುಗಿ ಬಂದ ಮೇಲೆ ಅಲ್ಲಿ ಏನಾಯಿತೆಂದು ಬಾಯಿ ಬಿಡಲಿಲ್ಲ. ದುರುಗವ್ವನೂ ಬಿಡಲಿಲ್ಲ.

ಸುದ್ದಿ ಕೇಳಿ ಸಾತವೀರಪ್ಪನ ಮೈಯೆಲ್ಲ ಉರಿಯಿತು. ಕೊಂದವನನ್ನು ಬಿಡಿಸಿಕೊಡಿ ಎಂದು ಅಜ್ಜಾರು ದೊರೆಗಳ ಮುಂದೆ ಅಂಗಲಾಚಿದ್ದಾರೆ, ಇನ್ನು ತನ್ನ ಹತ್ತಿರವೂ ಉಪದೇಶ ಮಾಡಲು ಬಂದೇ ಬರುತ್ತಾರೆ ಎಂದು ಅವನ ಲೆಕ್ಕ. ಬರಲಿ, ಮಗನನ್ನು ಹೆತ್ತು ಹೂಳಿದವನಿಗೆ ಸಂಸಾರವೇ ಇಲ್ಲದವರು ಏನು ಹೇಳುತ್ತಾರೋ ನೋಡೋಣ ಎಂದು ಉತ್ತರಗಳನ್ನೆಲ್ಲ ಮಸೆದಿಟ್ಟುಕೊಂಡು ಕಾದ.

ಅಜ್ಜಾರು ಬಂದದ್ದೇನೋ ನಿಜ. ಅಮಾವಾಸ್ಯೆಗೆ ಇನ್ನು ಕೆಲವೇ ದಿನ ಉಳಿದಿರುವಾಗ, ಒಂದು ಬೆಳಿಗ್ಗೆ ಒಬ್ಬರೇ ಬಂದು ಗಾಣದ ಮನೆಯ ಮುಂದೆ ನಿಂತರು.

"ಕ್ಷಮಾ ಮಾಡು ಅಂತ ಹೇಳಾಕ ಬಂದೀರೇನ್ರಿ?" ಎಂದ ಸಾತವೀರಪ್ಪ, ಶರಣೂ ಎನ್ನದೆ.

"ಇಲ್ಲಪ್ಪಾ. ದೀಪಕ್ಕ ಎಣ್ಣಿ ಕೇಳಾಕ ಬಂದೀನಿ."

ಮಸೆದಿಟ್ಟ ಉತ್ತರಗಳೆಲ್ಲ ಬಾಯಲ್ಲೇ ಉಳಿದವು. "ಗಾಣ ನಿಂತೈತ್ರಿ. ಎತ್ತು ಮಗನ ಕೈಯಾಗಿಂದು, ನನಗ ಹೆಗಲು ಕೊಡಲಿಲ್ಲ. ತಂಗಿ ಊರಿಗೆ ಹೊಡದು ಕಳಿಸೀನಿ" ಎಂದ.

"ಕುಸುಬಿ ಐತೇನು?"

"ಐತ್ರಿ."

"ಹಂಗಾರ ಒರಳಿಗೆ ಹಾಕು."

ಹೀಗೆಂದವರೇ ಅಜ್ಜಾರು ಹೆಗಲ ಮೇಲಿನ ವಸ್ತ್ರವನ್ನು ಗೂಟಕ್ಕೆ ಸಿಕ್ಕಿಸಿದರು. ಅಲ್ಲೇ ನೇತಾಡುತ್ತಿದ್ದ, ಎತ್ತಿನ ಕಣ್ಣಿಗೆ ಕಟ್ಟುವ ಬಟ್ಟೆಯನ್ನು ತೆಗೆದು ತಮ್ಮ ಕಣ್ಣಿಗೆ ಕಟ್ಟಿಕೊಂಡರು. ಗಾಣ ತಿರುಗಿಸುವ ಜೀವಕ್ಕೆ ತಲೆ ಸುತ್ತಬಾರದೆಂದು ಕಣ್ಣು ಕಟ್ಟುವುದು ವಾಡಿಕೆ. ಆಮೇಲೆ ತಡವುತ್ತಾ ಹೋಗಿ ನೊಗ ಹಿಡಿದು, ಅದರಡಿಗೆ ಹೆಗಲು ಕೊಟ್ಟರು. ಸಾತವೀರಪ್ಪ ಇದೇನೋ ಸ್ವಾಮಿಗಳ ಆಟ, ಒಂದು ಸುತ್ತಿಗೆ ಮುಗಿಯುತ್ತದೆ ಎಂದುಕೊಂಡು ಕೈ ಕಟ್ಟಿ ನಿಂತ. ಗಾಣ ಕಿರ್ರೆಂದಿತು, ಅಲುಗಾಡಿತು, ತಿರುಗಿತು.

ಗಾಣ ತಿರುಗತೊಡಗಿದ ಮೇಲೆ ಗಾಣಿಗ ಸುಮ್ಮನೆ ನಿಲ್ಲುವ ಹಾಗಿಲ್ಲ. ಕಾಳು ಮೇಲೆ ಏಳುತ್ತಿದ್ದರೆ ಒಳಗೆ ದೂಡಬೇಕು, ಹದ ನೋಡಿ ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಕಾಳೂ ಹಾಳು, ಗಾಣವೂ ಹಾಳು. ಅದಕ್ಕೇ ಸಾತವೀರಪ್ಪನ ಕೈಗಳು ಅವನನ್ನು ಕೇಳದೆಯೇ ಕೆಲಸಕ್ಕೆ ಹತ್ತಿದವು. ಎಷ್ಟೋ ದಿನದಿಂದ ಸತ್ತಂತಿದ್ದ ಮನೆಯಲ್ಲಿ ಆ ಹಳೆಯ ಸದ್ದು ತುಂಬಿತು. ಹೊತ್ತು ಏರಿತು. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ನಿಂತು ಬಾಯಿ ಮೇಲೆ ಕೈ ಇಟ್ಟುಕೊಂಡರು. ಯಾರೋ ನೊಗ ಹಿಡಿಯಲು ಮುಂದೆ ಬಂದರೆ ಅಜ್ಜಾರು ತಲೆಯಾಡಿಸಿ ಬೇಡವೆಂದರು. ಎಣ್ಣೆ ಮೊದಲು ಹನಿಹನಿಯಾಗಿ, ಆಮೇಲೆ ಸಣ್ಣ ಧಾರೆಯಾಗಿ ಇಳಿಯಿತು.

ಆ ಮುದಿ ಹೆಗಲು ನೊಗದಡಿಯಲ್ಲಿ ಕಿತ್ತುಹೋಗಿ ರಕ್ತ ಜಿನುಗುವುದನ್ನು ಸಾತವೀರಪ್ಪ ನೋಡಿದ. "ಸಾಕ್ರಿ ಅಜ್ಜಾರ" ಎಂದು ಗೊಣಗಿದ. ಅಜ್ಜಾರು ನಿಲ್ಲಲಿಲ್ಲ. "ದೀಪಕ್ಕ ಇಷ್ಟ ಸಾಕ್ರಿ, ಬಿಡ್ರಿ" ಎಂದ. ಅದಕ್ಕೂ ನಿಲ್ಲಲಿಲ್ಲ. ಕಡೆಗೆ ನಡೆಯುತ್ತ ನಡೆಯುತ್ತಲೇ ಹೇಳಿದರು:

"ಕಣ್ಣು ಕಟ್ಟಿಸಿಕೊಂಡಾತ ತಾನಾಗಿ ನಿಲ್ಲಾಂಗಿಲ್ಲ, ಸಾತವೀರಾ. ಗಾಣಿಗ ನಿಲ್ಲಸಬೇಕು."

ಗಾಣದ ಎತ್ತು ನಿಲ್ಲುವುದು 'ಹೋ' ಎಂಬ ಕೂಗಿಗೆ. ಆ ಮನೆಯಲ್ಲಿ ಅದು ಮುರಿಗೆಪ್ಪನ ಕೂಗು. ಅವನು ಹೋದಂದಿನಿಂದ ಅದನ್ನು ಅಲ್ಲಿ ಯಾರೂ ಕೂಗಿರಲಿಲ್ಲ. ಸಾತವೀರಪ್ಪ ಕಾಳು ದೂಡುವುದನ್ನು ಬಿಟ್ಟು ನೊಗದತ್ತ ನೋಡಿದ. ಅಜ್ಜಾರು ಇನ್ನೊಂದು ಸುತ್ತು ಬಂದರು, ಕಾಲು ತೊಡರಿತು, ಸಾವರಿಸಿಕೊಂಡು ಮತ್ತೆ ಹೆಜ್ಜೆ ಇಟ್ಟರು. ಆಗ ಎಲ್ಲಿತ್ತೋ, ಎದೆ ಬಗೆದುಕೊಂಡು ಬಂದಹಾಗೆ ಅವನ ಬಾಯಿಂದ ಬಂತು: "ಹೋ... ಸಾಕು."

ಅಜ್ಜಾರು ಅಲ್ಲೇ ನಿಂತರು. ಕಣ್ಣಿನ ಬಟ್ಟೆ ಬಿಚ್ಚಿ ಸಾತವೀರಪ್ಪನ ಕೈಗೆ ಕೊಟ್ಟರು. "ಎಣ್ಣಿ ಇಲ್ಲೇ ಇರಲಿ. ನಿನಗ ತರಬೇಕನಸಿದಾಗ ತಾ" ಎಂದು ವಸ್ತ್ರ ಹೊದ್ದುಕೊಂಡು ಹೊರಟುಹೋದರು. ನೇಣಿನ ಮಾತಿಲ್ಲ, ಯಮನೂರಿಯ ಹೆಸರಿಲ್ಲ.

ಜನ ಚದುರಿದರು. ಸಾತವೀರಪ್ಪ ಆ ಬಟ್ಟೆ ಹಿಡಿದುಕೊಂಡು ಕುಳಿತೇ ಇದ್ದ. ಮೊದಲು ಅಲ್ಲಿದ್ದದ್ದು ಗೋಣಿತಟ್ಟಿನ ಪಟ್ಟಿ. ಅದು ಎತ್ತಿನ ಕಣ್ಣಿಗೆ ಚುಚ್ಚುತ್ತದೆಂದು ಮುರಿಗೆಪ್ಪ ತನ್ನ ಧೋತರದ ಅಂಚನ್ನು ಹರಿದು, ಎರಡು ಪದರ ಮಾಡಿ ಇದನ್ನು ಹೊಲಿದಿದ್ದ. ಹೊಸ ಧೋತರ ಹರಿದನೆಂದು ತಾನು ಬೈದದ್ದೂ ನೆನಪಾಯಿತು. ಒಂದು ಎತ್ತಿನ ಕಣ್ಣು ಉರಿಯುವುದನ್ನು ಸಹಿಸದ ಮಗ. ಅಂಥವನ ಹೆಸರಿನಲ್ಲಿ ತಾನು ನೇಣಿನ ಹಗ್ಗಕ್ಕಾಗಿ ಎಣ್ಣೆಯ ಹರಕೆ ಹೊತ್ತಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು. ಮಗ ಸತ್ತ ದಿನವೂ ಅಳದ ಮನುಷ್ಯ ಗಾಣಕ್ಕೆ ತಲೆ ಆನಿಸಿ ಅತ್ತ.

ಮರುದಿನವೇ ಅವನು ರಾಜಧಾನಿಗೆ ನಡೆದು ಹೋಗಿ ದರ್ಬಾರಿನಲ್ಲಿ ಕೈಮುಗಿದು ನಿಂತ. ಯಮನೂರಿಯ ನೇಣು ತಪ್ಪಿಸಬೇಕೆಂದು ಕೇಳಿಕೊಂಡ. ಕಾರಭಾರಿಗಳು ಹುಬ್ಬು ಗಂಟಿಕ್ಕಿ, "ಕೊಂದವನನ್ನು ನೀನು ಕ್ಷಮಿಸಿದ್ದೀಯೇನು?" ಎಂದು ಕೇಳಿದರು.

"ಕ್ಷಮಾ ಗಿಮಾ ನನಗ ತಿಳಿಯೂದಿಲ್ರಿ" ಎಂದ ಸಾತವೀರಪ್ಪ. "ಅವನ ಮಾರಿ ನೋಡಿದರ ಇವತ್ತೂ ನನ್ನ ಹೊಟ್ಟಿ ಉರೀತೈತಿ. ಆದ್ರ ನನ್ನ ಮಗನ ಹೆಸರಿನ ಮ್ಯಾಲ ಇನ್ನೊಂದು ಹೆಣ ಬ್ಯಾಡ್ರಿ. ನಿಲ್ಲಸ್ರಿ."

ದೊರೆಗಳು "ನಿನ್ನನ್ನು ಅಜ್ಜಾರು ಕಳಿಸಿದರೇನು?" ಎಂದು ಕೇಳಿದರು.

"ಇಲ್ರಿ. ಅವರು ಎಣ್ಣಿ ಕೇಳಿದ್ರು, ಅಷ್ಟ."

ಆಗ ದೊರೆಗಳು ಹೇಳಿದರು: "ಆ ತಾಯಿಯನ್ನು ಕರೆದುಕೊಂಡು ಅಜ್ಜಾರು ಇಲ್ಲಿಗೆ ಬಂದಿದ್ದರು. ತಾವು ಒಂದು ಮಾತು ಹೇಳಿದರೆ ಈಗಲೇ ಜೀವದಾನ ಕೊಡುತ್ತೇನೆ ಎಂದೆ. ಅವರು ಹೇಳಲಿಲ್ಲ. 'ಸತ್ತದ್ದು ನನ್ನ ಮಗ ಅಲ್ಲ. ಕೇಳೂ ಹಕ್ಕು ಒಬ್ಬಾತಂದು ಐತಿ. ಆತ ಬಂದರ ಬಾಗಿಲು ತೆರದಿರಲಿ, ಅಷ್ಟ ಬೇಡತೀನಿ' ಎಂದು ಎದ್ದುಹೋದರು."

ಸಾತವೀರಪ್ಪ ತನ್ನ ದುಃಖವನ್ನು ತನ್ನ ಕೈಯಿಂದ ಕಸಿದುಕೊಂಡರೆಂದು ಯಾರನ್ನು ಶಪಿಸಿದ್ದನೋ, ಆ ದುಃಖಕ್ಕೆ ಇಡೀ ಸಂಸ್ಥಾನದಲ್ಲಿ ಅಷ್ಟು ಗೌರವ ಕೊಟ್ಟವರು ಅವರೊಬ್ಬರೇ. ಮರಣದಂಡನೆ ಜೀವಾವಧಿಗೆ ಇಳಿಯಿತು.

ಊರು ತಲುಪಿದವನು ಮನೆಗೆ ಹೋಗಿ, ಅಜ್ಜಾರು ತೆಗೆದ ಎಣ್ಣೆಯ ಗಡಿಗೆಯನ್ನು ಹೊತ್ತು ಸಂಜೆಗೆ ಮಠಕ್ಕೆ ಬಂದ. ದೀಪ ಬೋರಲಾಗಿಯೇ ಇತ್ತು. ಒಳಗೆ ಕಾಲಿಡಲು ಧೈರ್ಯವಾಗದೆ ದುರುಗವ್ವ ಹೊಸ್ತಿಲ ಹೊರಗೆ ಕುಳಿತಿದ್ದಳು. ಬೇರೇನೂ ತೋಚದೆ ದಿನವೂ ಅಲ್ಲೇ ಕುಳಿತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳಂತೆ. ಸಾತವೀರಪ್ಪನನ್ನು ಕಂಡು ಸೆರಗು ಮುಖಕ್ಕೆ ಎಳೆದುಕೊಂಡಳು. ಅವನು ದೀಪವನ್ನು ನೆಟ್ಟಗೆ ನಿಲ್ಲಿಸಿ ಎಣ್ಣೆ ಹೊಯ್ದ. ಆಮೇಲೆ ಹೊಸ್ತಿಲ ತನಕ ಬಂದು, ಕೈ ಚಾಚಿದ.

"ಯಕ್ಕಾ, ನಿನ್ನ ಮಗನ ಜೀವ ಉಳೀತು. ಒಂದು ಬತ್ತಿ ಕೊಡು."

ಅವಳು ಬತ್ತಿಯನ್ನು ಅವನ ಕೈಗೆ ಕೊಡಲಾರದೆ ಹೊಸ್ತಿಲ ಮೇಲಿಟ್ಟಳು. ಅವನೇ ಬಗ್ಗಿ ಎತ್ತಿಕೊಂಡ. ಅಷ್ಟರಲ್ಲಿ ಅಜ್ಜಾರು ಕೊಟ್ಟಿಗೆಯಿಂದ ಬಂದರು. ದೀಪ ಹಚ್ಚಿರೆಂದು ಸಾತವೀರಪ್ಪ ಬೇಡಿದಾಗ, "ನನ್ನ ಕೈ ಸೆಗಣಿ ಆಗ್ಯಾವ. ನೀವಿಬ್ಬರೂ ಕೂಡಿ ಹಚ್ಚ್ರಿ" ಎಂದರು.

ಇದರಿಂದ ಸಾತವೀರಪ್ಪನ ಪುತ್ರಶೋಕ ತೀರಿತೆಂದು ಭಕ್ತರು ತಿಳಿಯಬಾರದು. ಅಂಥ ಶೋಕ ತೀರುವಂಥದ್ದಲ್ಲ. ಆದರೆ ಅವನು ಎತ್ತನ್ನು ತಿರುಗಿ ತರಿಸಿದ, ಮತ್ತೆ ಗಾಣ ಕಟ್ಟಿದ, ಮೊದಲ ಎಣ್ಣೆಯನ್ನು ಬದುಕಿರುವ ತನಕ ತಪ್ಪದೆ ತಂದ. ಮಠಕ್ಕೆ ಬಂದವರೆಲ್ಲ ಅಜ್ಜಾರ ಪಾದಕ್ಕೆ ಎರಗಿದರೆ, ಅವನೊಬ್ಬ ಮಾತ್ರ ಅವರ ಹೆಗಲ ಮೇಲಿನ ವಸ್ತ್ರ ಸರಿಸಿ, ನೊಗದ ಕಲೆ ಉಳಿದ ಜಾಗಕ್ಕೆ ಹಣೆ ಹಚ್ಚುತ್ತಿದ್ದ.